ವಿಳಾಸ ಕೇಳುವವರು

ನ್ಯೂಜೆರ್ಸಿಯ ನ್ಯಾಯಾಧೀಶರು ಸಹಿ ಮಾಡಿದ ಆದೇಶವನ್ನು ಕ್ಯಾಲಿಫೋರ್ನಿಯಾದ ಪೊಲೀಸರು ಏಕೆ ಮಾನ್ಯ ಮಾಡಬೇಕು? ಭಾರತದಲ್ಲಿ ಬೆಳೆದವರಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಬಹುದು. ನಮ್ಮಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇಡೀ ದೇಶಕ್ಕೆ ಒಂದೇ. ಹಾಸನದ ಮ್ಯಾಜಿಸ್ಟ್ರೇಟ್ ಕೊಟ್ಟ ಆದೇಶ ಪುಣೆಯಲ್ಲೂ ನಡೆಯುತ್ತದೆ ಎಂದು ಅದರ 27ನೆಯ ಕಲಮಿನಲ್ಲೇ ಬರೆದಿದೆ. ಅಮೆರಿಕದ ಲೆಕ್ಕ ಬೇರೆ. ಮದುವೆ, ವಿಚ್ಛೇದನ, ಮಕ್ಕಳ ಪಾಲನೆ, ಹೊಡೆಯುವ ಗಂಡನನ್ನು ಹತ್ತಿರ ಸುಳಿಯದಂತೆ ತಡೆಯುವ ರಕ್ಷಣಾ ಆದೇಶ, ಇವೆಲ್ಲ ಆಯಾ ರಾಜ್ಯದ ಕಾನೂನಿಗೆ ಸೇರಿದವು. ಆದೇಶ ಎಷ್ಟು ವರ್ಷ ಬಾಳುತ್ತದೆ ಎಂಬುದೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಬಾರಿಗೆ ಹೆಚ್ಚೆಂದರೆ 5 ವರ್ಷ. ನ್ಯೂಜೆರ್ಸಿಯಲ್ಲಿ ಅಂತಿಮ ಆದೇಶಕ್ಕೆ ಅವಧಿಯೇ ಇಲ್ಲ. ನ್ಯಾಯಾಲಯ ರದ್ದು ಮಾಡುವವರೆಗೆ ಅದು ಇದ್ದೇ ಇರುತ್ತದೆ.

ನನ್ನ ಗೆಳತಿಯೊಬ್ಬಳ ಬಳಿ ಇರುವುದು ಈ ಎರಡನೆಯ ಬಗೆಯದು. ಹಾಸ್ಟೆಲಿನಲ್ಲಿ ನನಗಿಂತ ಕಿರಿಯಳು, ಈಗಲೂ ನನ್ನನ್ನು ಅಕ್ಕಾ ಎಂದೇ ಕರೆಯುವವಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಕಾನೂನಿನ ಭಾಗವನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ. ಮದುವೆಯಾಗಿ, ಕೆಲಸದ ವೀಸಾದಲ್ಲಿರುವವನ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ನ್ಯೂಜೆರ್ಸಿಗೆ ಬಂದವಳು. ಮನೆಯೊಳಗೆ ಏನೇನು ನಡೆಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹೇಳಬೇಕಾದವಳು ಅವಳು, ಮತ್ತು ಅವಳು ಅದನ್ನು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳಿದ್ದಾಳೆ. ಒಂದು ರಾತ್ರಿ ಪೊಲೀಸರು ಬಂದರು, ಅದೇ ರಾತ್ರಿ ತಾತ್ಕಾಲಿಕ ಆದೇಶ ಸಿಕ್ಕಿತು. ಅಲ್ಲಿನ ಕಾನೂನಿನಂತೆ ಹತ್ತು ದಿನದೊಳಗೆ ಅಂತಿಮ ವಿಚಾರಣೆಗೆ ದಿನ ಗೊತ್ತಾಯಿತು. ಗಂಡ ವಕೀಲರನ್ನು ಕರೆದುಕೊಂಡು ಬಂದ, ತನ್ನ ಮಾತು ಹೇಳಿದ, ಸೋತ. ಅವನೂ ಬಂದು ಮಾತನಾಡಿದ ಎಂಬುದನ್ನು ನೆನಪಿನಲ್ಲಿಡಿ. ಮುಂದೆ ಅದರ ಮೇಲೆಯೇ ಎಲ್ಲವೂ ನಿಲ್ಲುತ್ತದೆ.

ಆಮೇಲೆ ಅವಳಿಗೆ ಎಚ್-1ಬಿ ಎಂಬ ಸ್ವಂತ ಕೆಲಸದ ವೀಸಾ ಸಿಕ್ಕಿತು. ಕೆಲಸ ನಾನಿರುವ ಕಡೆ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಊರೊಂದರಲ್ಲಿ. ಎರಡು ಸೂಟ್‌ಕೇಸ್ ಮತ್ತು ಒಂದು ಪ್ಲಾಸ್ಟಿಕ್ ಫೋಲ್ಡರಿನೊಂದಿಗೆ ಬಂದಿಳಿದಳು. ಫೋಲ್ಡರಿನಲ್ಲಿ ಪಾಸ್‌ಪೋರ್ಟು, ಅಂಕಪಟ್ಟಿಗಳು, ನ್ಯಾಯಾಲಯದ ಮೊಹರು ಬಿದ್ದ ಆದೇಶದ ದೃಢೀಕೃತ ಪ್ರತಿ. ಅವಳ ಮೊದಲ ಪ್ರಶ್ನೆಯೇ ಇದು: ‘ಅಕ್ಕಾ, ಇದು ಇಲ್ಲಿ ನಡೆಯುತ್ತದೆಯೇ?’

ನಡೆಯುತ್ತದೆ. 1994ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಮಾಡಿದ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ಕಾಯ್ದೆ, ಇಲ್ಲಿ ಎಲ್ಲರೂ ವಾವಾ ಎನ್ನುವ ಕಾಯ್ದೆ, ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಅದಕ್ಕೂ ಮೊದಲು ಆದೇಶ ಹಿಡಿದು ರಾಜ್ಯದ ಗಡಿ ದಾಟಿದವಳಿಗೆ ಹೊಸ ಊರಿನಲ್ಲಿ ಅದಕ್ಕೆ ಬೆಲೆ ಸಿಕ್ಕೀತು ಎಂಬ ಭರವಸೆ ಇರಲಿಲ್ಲ. ಈಗ ಒಂದು ರಾಜ್ಯದ ರಕ್ಷಣಾ ಆದೇಶವನ್ನು ಉಳಿದೆಲ್ಲ ರಾಜ್ಯಗಳೂ, ಅಮೆರಿಕದ ಆಡಳಿತಕ್ಕೊಳಪಟ್ಟ ದ್ವೀಪಗಳೂ, ಮೂಲನಿವಾಸಿ ಬುಡಕಟ್ಟುಗಳ ನ್ಯಾಯಾಲಯಗಳೂ ತಮ್ಮದೇ ಆದೇಶವೆಂಬಂತೆ ಜಾರಿ ಮಾಡಬೇಕು. ಷರತ್ತುಗಳು ಎರಡೇ. ಆದೇಶ ಕೊಟ್ಟ ನ್ಯಾಯಾಲಯಕ್ಕೆ ಆ ಪ್ರಕರಣದ ಮೇಲೂ ಆ ಇಬ್ಬರ ಮೇಲೂ ಅಧಿಕಾರ ಇದ್ದಿರಬೇಕು. ಎದುರು ಪಕ್ಷದವನಿಗೆ ನೋಟಿಸ್ ತಲುಪಿ, ತನ್ನ ಮಾತು ಹೇಳಿಕೊಳ್ಳಲು ಅವಕಾಶ ಸಿಕ್ಕಿರಬೇಕು. ಒಬ್ಬರ ಮಾತನ್ನಷ್ಟೇ ಕೇಳಿ ಕೊಟ್ಟ ತಾತ್ಕಾಲಿಕ ಆದೇಶಕ್ಕೂ ಇದು ಅನ್ವಯಿಸುತ್ತದೆ. ಆದರೆ ನೋಟಿಸು ಮತ್ತು ವಿಚಾರಣೆ ತಕ್ಕ ಸಮಯದೊಳಗೆ ಆಗಲೇಬೇಕು. ಗೆಳತಿಯ ಗಂಡ ವಕೀಲರೊಡನೆ ಬಂದು ವಾದಿಸಿದ್ದರಿಂದ ಈ ಎರಡನೆಯ ಷರತ್ತಿನ ಬಗ್ಗೆ ಇನ್ನು ಯಾರೂ ತಕರಾರು ಎತ್ತುವಂತಿಲ್ಲ.

ನೋಂದಣಿ ಮಾಡಿಸಬೇಕೇ? ಬೇಕಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ತಿಳಿದವರೂ ತಪ್ಪು ಹೇಳುವುದನ್ನು ಕೇಳಿದ್ದೇನೆ. ಹೊಸ ರಾಜ್ಯದಲ್ಲಿ ನೋಂದಾಯಿಸದಿದ್ದರೂ ಆದೇಶ ಜಾರಿಯಾಗಲೇಬೇಕೆಂದು ಕೇಂದ್ರದ ಕಾನೂನಿನಲ್ಲೇ ಇದೆ. ಕ್ಯಾಲಿಫೋರ್ನಿಯಾದ ಕೌಟುಂಬಿಕ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದೃಢೀಕೃತ ಪ್ರತಿಯನ್ನೂ ಕಡ್ಡಾಯ ಮಾಡಿಲ್ಲ. ಇಬ್ಬರ ಗುರುತೂ ಕಾಣುವ, ಮೇಲ್ನೋಟಕ್ಕೆ ಇನ್ನೂ ಚಾಲ್ತಿಯಲ್ಲಿರುವ ಆದೇಶವನ್ನು ತೋರಿಸಿದರೆ ಪೊಲೀಸರು ಕ್ರಮ ಕೈಗೊಳ್ಳಲು ಅದೇ ಸಾಕು; ಮೊಬೈಲಿನಲ್ಲಿ ತೆರೆದು ತೋರಿಸಿದರೂ ಸರಿ. ಎದುರು ಪಕ್ಷದವನಿಗೆ ಇನ್ನೂ ನೋಟಿಸ್ ಮುಟ್ಟಿಲ್ಲ ಎಂದಾದರೆ ಪೊಲೀಸರು ಸ್ಥಳದಲ್ಲೇ ಆದೇಶದ ವಿಷಯ ತಿಳಿಸಿ, ಪಾಲಿಸಲು ಅವಕಾಶ ಕೊಟ್ಟು, ಆಮೇಲೆ ಜಾರಿ ಮಾಡಬೇಕು.

ಪುಸ್ತಕದಲ್ಲಿ ಇಷ್ಟು ಚೆನ್ನಾಗಿದೆ. ಠಾಣೆಯ ಕಿಟಕಿಯಲ್ಲಿ ಹೇಗಿತ್ತು ಎಂದರೆ, ಅವಳು ಬಂದು ಕೆಲವು ವಾರಗಳಾಗಿದ್ದವು, ಗೊತ್ತಿಲ್ಲದ ಇಮೇಲ್ ಖಾತೆಯಿಂದ ಸಂದೇಶಗಳು ಬರತೊಡಗಿದವು. ಬರೆದವನು ಯಾರೆಂದು ಊಹಿಸುವ ಕಷ್ಟವಿರಲಿಲ್ಲ. ಇಬ್ಬರೂ ಠಾಣೆಗೆ ಹೋದೆವು. ಕಿಟಕಿಯ ಹಿಂದಿದ್ದ ಅಧಿಕಾರಿ ಆದೇಶವನ್ನು ತಿರುವಿ ನೋಡಿ, ಇದು ನ್ಯೂಜೆರ್ಸಿಯದು, ಅಲ್ಲಿಗೇ ಫೋನ್ ಮಾಡಿ ಎಂದರು. ಗದರಲಿಲ್ಲ, ವ್ಯಂಗ್ಯವಾಡಲಿಲ್ಲ, ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಗೆಳತಿ ಫೋಲ್ಡರು ಮುಚ್ಚಿಕೊಂಡು ಹೊರಡಲು ಎದ್ದೇಬಿಟ್ಟಳು. ಸರಕಾರಿ ಕಿಟಕಿಯೊಂದು ಆಗುವುದಿಲ್ಲ ಎಂದರೆ ಆಗುವುದಿಲ್ಲ ಎಂದೇ ನಂಬಿ ಬೆಳೆದವರು ನಾವು. ನಾನು ಮೇಲಧಿಕಾರಿಯನ್ನು ಕರೆಯಿರಿ ಎಂದೆ. ಬಂದ ಸಾರ್ಜೆಂಟ್ ಆಕೆಗೆ ಕುರ್ಚಿ ಕೊಟ್ಟು, ಕಂಪ್ಯೂಟರಿನಲ್ಲಿ ಹುಡುಕಿ, ದೂರು ಬರೆದುಕೊಂಡರು. ಎಫ್‌ಬಿಐ ನಡೆಸುವ ಎನ್‌ಸಿಐಸಿ ಎಂಬ ದತ್ತಸಂಚಯದಲ್ಲಿ ರಕ್ಷಣಾ ಆದೇಶಗಳಿಗೆಂದೇ 1997ರಿಂದ ಪ್ರತ್ಯೇಕ ಕಡತವಿದೆ. ಯಾವ ರಾಜ್ಯದ ಪೊಲೀಸರೂ ಅದನ್ನು ನೋಡಬಹುದು. ಆದರೆ ಎಲ್ಲ ಆದೇಶಗಳೂ ಅಲ್ಲಿಗೆ ಸೇರಿರುತ್ತವೆ ಎಂಬ ಖಾತರಿ ಇಲ್ಲ, ಹೆಸರಿನ ಕಾಗುಣಿತ ಒಂದಕ್ಷರ ತಪ್ಪಿದರೂ ಸಿಗದೇ ಹೋಗಬಹುದು. ಇನಿಷಿಯಲ್ಲು, ಊರಿನ ಹೆಸರು, ತಂದೆಯ ಹೆಸರು ಎಲ್ಲವೂ ಹಿಂದುಮುಂದಾಗಿರುವ ನಮ್ಮ ಪಾಸ್‌ಪೋರ್ಟುಗಳನ್ನು ನೋಡಿದವರಿಗೆ ಈ ಭಯದ ಅಂದಾಜು ಸಿಗುತ್ತದೆ.

ಕಡ್ಡಾಯವಲ್ಲದ ನೋಂದಣಿಯನ್ನು ಮಾಡಿಸುವುದೇ ಒಳ್ಳೆಯದು ಎಂದು ನಾವು ತೀರ್ಮಾನಿಸಿದ್ದು ಆ ಕಿಟಕಿಯ ಅನುಭವದಿಂದ. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿಯುತ್ತಿರುವಾಗ ಕೇಂದ್ರ ಕಾಯ್ದೆಯ ಕಲಮು ಓದಿ ಹೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಡಿವಿ-600 ಎಂಬ ನಮೂನೆ ಇದೆ. ಮೂಲ ಆದೇಶದ ದೃಢೀಕೃತ ಪ್ರತಿಯನ್ನು ಅದಕ್ಕೆ ಲಗತ್ತಿಸಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದರ, ನ್ಯಾಯಾಲಯಕ್ಕೆ ಕೊಡಬೇಕು. ಶುಲ್ಕವಿಲ್ಲ. ಪ್ರಕರಣವನ್ನು ಮತ್ತೆ ವಾದಿಸಬೇಕಿಲ್ಲ, ಆ ರಾತ್ರಿಯ ಕತೆಯನ್ನು ಇನ್ನೊಬ್ಬ ನ್ಯಾಯಾಧೀಶರ ಮುಂದೆ ಮತ್ತೆ ಬಿಚ್ಚಬೇಕಿಲ್ಲ. ನ್ಯಾಯಾಲಯದ ಸಹಿ ಬಿದ್ದ ಮೇಲೆ ಆದೇಶ ಕ್ಯಾಲಿಫೋರ್ನಿಯಾ ಪೊಲೀಸರ ರಾಜ್ಯವ್ಯಾಪಿ ಕಂಪ್ಯೂಟರ್ ಜಾಲಕ್ಕೆ ಸೇರುತ್ತದೆ.

ಗುಮಾಸ್ತೆಯ ಮುಂದೆ ನಿಂತಾಗ ಗೆಳತಿ ಕೇಳಿದ್ದು ಶುಲ್ಕದ ಬಗ್ಗೆ ಅಲ್ಲ, ಅವಧಿಯ ಬಗ್ಗೆಯೂ ಅಲ್ಲ. ಅವನಿಗೆ ತಿಳಿಸುತ್ತೀರಾ ಎಂದು ಕೇಳಿದಳು. ನಮೂನೆ ತುಂಬುವಾಗ ಒಮ್ಮೆ, ಕೊಡುವಾಗ ಒಮ್ಮೆ, ಸಹಿ ಬಿದ್ದ ಮೇಲೆ ಮತ್ತೆ. ಎಲ್ಲ ಸಲವೂ ಅದೇ ಉತ್ತರ: ಇಲ್ಲ.

ಅವಳ ಭಯ ಸಹಜ. ನ್ಯಾಯಾಲಯದ ಕೆಲಸವೆಂದರೆ ಎದುರು ಪಕ್ಷಕ್ಕೆ ತಿಳಿಸಿಯೇ ಮುಂದುವರಿಯುವುದು. ವಿಚ್ಛೇದನವಾಗಲಿ ಸೈಟಿನ ತಕರಾರಾಗಲಿ, ಸಮನ್ಸ್ ಇಲ್ಲದೆ ಏನೂ ನಡೆಯುವುದಿಲ್ಲ. ಇಲ್ಲಿ ಮಾತ್ರ ಕಾನೂನು ಉಲ್ಟಾ ಹೇಳುತ್ತದೆ. ಆದೇಶವನ್ನು ಹೊಸ ರಾಜ್ಯದಲ್ಲಿ ನೋಂದಾಯಿಸಲಾಗಿದೆ ಎಂಬ ವಿಷಯವನ್ನು ಆದೇಶ ಯಾರ ವಿರುದ್ಧ ಇದೆಯೋ ಅವನಿಗೆ ತಿಳಿಸಕೂಡದು, ರಕ್ಷಣೆ ಪಡೆದವಳು ತಾನಾಗಿ ಕೇಳಿಕೊಂಡರೆ ಮಾತ್ರ ತಿಳಿಸಬಹುದು. ವಾವಾ ಕಾಯ್ದೆಯನ್ನು ಮುಂದೆ ಪರಿಷ್ಕರಿಸಿದಾಗ ಇನ್ನೂ ಒಂದು ಮಾತು ಸೇರಿತು: ಅವಳ ಗುರುತು ಅಥವಾ ಇರುವ ಜಾಗ ಬಯಲಾಗುವಂತೆ ಇಂಥ ನೋಂದಣಿಯ ವಿವರವನ್ನು ಅಂತರ್ಜಾಲದಲ್ಲಿ ಪ್ರಕಟಿಸುವಂತಿಲ್ಲ. ಕ್ಯಾಲಿಫೋರ್ನಿಯಾ ಆ ಕಡತವನ್ನೇ ಮುಚ್ಚಿಡುತ್ತದೆ. ಪೊಲೀಸರಿಗೆ, ಗುರುತು ತೋರಿಸಿ ಕೇಳುವ ಅವಳಿಗೆ, ಉಲ್ಲಂಘನೆಯ ಆರೋಪ ಹೊತ್ತವನ ಪರ ವಕೀಲರಿಗೆ ಮತ್ತು ನ್ಯಾಯಾಲಯ ಅನುಮತಿಸಿದವರಿಗೆ ಮಾತ್ರ ಅದು ತೆರೆಯುತ್ತದೆ.

ಆದೇಶಕ್ಕೆ ದೇಶದ ಎಲ್ಲ ಕಡೆ ಬಲ ಕೊಡುವುದು ಒಂದು ಕೆಲಸ. ಬಲ ಕೊಡುವಾಗಲೇ ಅವಳು ಎಲ್ಲಿದ್ದಾಳೆಂದು ಬಾಯಿ ಬಿಡದಿರುವುದು ಅದಕ್ಕಿಂತ ಕಷ್ಟದ ಕೆಲಸ. ಈ ಕಾನೂನನ್ನು ಬರೆದವರು ಓಡಿಹೋದವಳ ಜೊತೆ ಕೂತು ಮಾತನಾಡಿರಬೇಕು ಎಂದು ನನಗೆ ಅನಿಸುತ್ತದೆ.

ಹೊಸ ರಾಜ್ಯದಲ್ಲಿ ಹೊಸದಾಗಿಯೇ ಆದೇಶ ಪಡೆಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಪಡೆಯಬಹುದು, ಆದರೆ ಆಗ ನೋಟಿಸ್ ಹೋಗಲೇಬೇಕು. ಯಾವ ರಾಜ್ಯ, ಯಾವ ಕೌಂಟಿ ಎಂಬುದು ಆ ನೋಟಿಸಿನ ತಲೆಬರಹದಲ್ಲೇ ಇರುತ್ತದೆ. ಜೊತೆಗೆ, ಆ ರಾಜ್ಯಕ್ಕೆ ಎಂದೂ ಕಾಲಿಡದ ಗಂಡನ ಮೇಲೆ ಅಲ್ಲಿನ ನ್ಯಾಯಾಲಯಕ್ಕೆ ಅಧಿಕಾರ ಎಲ್ಲಿಂದ ಬರುತ್ತದೆ ಎಂಬ ತೊಡಕು. 2005ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಪ್ರಕರಣ ಬಂದಿತ್ತು. ಇಲಿನಾಯ್ ರಾಜ್ಯದಿಂದ ತಪ್ಪಿಸಿಕೊಂಡು ಬಂದ ಹೆಂಡತಿ, ನ್ಯೂಜೆರ್ಸಿಯ ಸಂಪರ್ಕವೇ ಇಲ್ಲದ ಗಂಡ. ಹತ್ತಿರ ಬರಬೇಡ, ಮಾತನಾಡಿಸಬೇಡ ಎಂದು ತಡೆಯುವ ತಾತ್ಕಾಲಿಕ ಆದೇಶ ಕೊಡಬಹುದು. ಹಣ ಕೊಡು, ಇಂಥದು ಮಾಡು ಎಂದು ಅವನಿಗೆ ವಿಧಿಸುವ ಆದೇಶವನ್ನಾಗಲಿ ಅಂತಿಮ ಆದೇಶವನ್ನಾಗಲಿ ಕೊಡಲಾಗದು ಎಂದಿತು ಕೋರ್ಟು. ಹಾಗಾಗಿ ಹೊರಡುವ ಮೊದಲೇ ಆದೇಶ ಕೈಗೆ ಬಂದಿದ್ದರೆ ದಾರಿ ಸುಲಭ. ಹೊರಡುವ ಮೊದಲು ಕಾಯುತ್ತ ಕೂರಲಾಗದ ಪರಿಸ್ಥಿತಿ ಇರುತ್ತದೆ ಎಂಬುದೂ ಗೊತ್ತು. ಜೀವ ಉಳಿಸಿಕೊಳ್ಳುವುದು ಮೊದಲು, ಕಾಗದ ಆಮೇಲೆ.

ಮಕ್ಕಳಿದ್ದರೆ ಇದೆಲ್ಲ ಬೇರೆಯೇ ಜಟಿಲ. ಮಗು ಕಳೆದ ಆರು ತಿಂಗಳು ವಾಸವಿದ್ದ ರಾಜ್ಯಕ್ಕೇ ಸಾಮಾನ್ಯವಾಗಿ ಪಾಲನೆಯನ್ನು ನಿರ್ಧರಿಸುವ ಅಧಿಕಾರ. ತಾಯಿ ಮಗುವನ್ನು ಕರೆದುಕೊಂಡು ಹೇಳದೆ ಹೊರಟರೆ ಅಪಹರಣದ ಆರೋಪ ಅವಳ ಮೇಲೇ ಬರಬಹುದು. ಗೆಳತಿಗೆ ಮಕ್ಕಳಿರಲಿಲ್ಲ, ಆದ್ದರಿಂದ ಆ ದಾರಿ ನಾನು ನಡೆದು ನೋಡಿದ್ದಲ್ಲ. ಮಕ್ಕಳಿರುವವರು ಹೊರಡುವ ಮೊದಲೇ ಕುಟುಂಬ ಕಾನೂನು ಬಲ್ಲ ವಕೀಲರನ್ನು ಕಾಣಬೇಕು ಎಂದಷ್ಟೇ ಹೇಳಬಲ್ಲೆ.

ನ್ಯಾಯಾಲಯ ಬಾಯಿ ಮುಚ್ಚಿಕೊಂಡಿತು. ವಿಳಾಸ ಸೋರುವ ತೂತುಗಳು ಬೇರೆ ಕಡೆ ಇದ್ದವು. ಮೊಬೈಲು ಅವನ ಹೆಸರಿನ ಫ್ಯಾಮಿಲಿ ಪ್ಲಾನಿನಲ್ಲಿತ್ತು. ಆರೋಗ್ಯ ವಿಮೆಯೂ ಅವನ ಕಂಪನಿಯದೇ ಆಗಿದ್ದಾಗ ಅವಳು ಯಾವ ವೈದ್ಯರ ಬಳಿ ಹೋದರೂ ಅದರ ವಿವರ ಪಾಲಿಸಿದಾರನ ಕೈಸೇರುತ್ತಿತ್ತು. ಜಂಟಿ ಕ್ರೆಡಿಟ್ ಕಾರ್ಡಿನಿಂದ ಒಂದು ಕಾಫಿ ಕೊಂಡರೂ ಊರು ಗೊತ್ತಾಗುತ್ತದೆ. ಅಂಚೆ ಇಲಾಖೆಗೆ ವಿಳಾಸ ಬದಲಾವಣೆ ಸಲ್ಲಿಸಿದರೆ ಹಳೆಯ ವಿಳಾಸಕ್ಕೆ ಪತ್ರ ಕಳುಹಿಸಿದ ಸಂಸ್ಥೆಗಳಿಗೆ ಹೊಸ ವಿಳಾಸ ತಿಳಿಯುವ ವ್ಯವಸ್ಥೆಯಿದೆ. ಒಂದೊಂದನ್ನೇ ಮುಚ್ಚುತ್ತ ಬಂದೆವು. ಇದಕ್ಕೂ ಇಲ್ಲಿ ಒಂದು ಸರಕಾರಿ ಉಪಾಯ ಇದೆ, ಮೊದಲು ತಂದದ್ದು ವಾಷಿಂಗ್ಟನ್ ರಾಜ್ಯ, 1991ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 1999ರಿಂದ ‘ಸೇಫ್ ಅಟ್ ಹೋಮ್’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಅರ್ಹರಿಗೆ ಸರಕಾರವೇ ಒಂದು ಅಂಚೆಪೆಟ್ಟಿಗೆಯ ವಿಳಾಸ ಕೊಡುತ್ತದೆ. ಅಲ್ಲಿಗೆ ಬಂದ ಪತ್ರಗಳನ್ನು ಅವರೇ ನಿಜವಾದ ಮನೆಗೆ ಕಳುಹಿಸುತ್ತಾರೆ. ರಾಜ್ಯದ ಕಚೇರಿಗಳು ಆ ಬದಲಿ ವಿಳಾಸವನ್ನು ಒಪ್ಪಲೇಬೇಕು.

ಆದರೆ ಯಾವ ಸರಕಾರದ ಯೋಜನೆಯೂ ಮುಚ್ಚಲಾರದ ತೂತು ನಾವೇ, ಅಂದರೆ ನಮ್ಮ ಜನ.

ಸತ್ಯನಾರಾಯಣ ಪೂಜೆಯ ಪ್ರಸಾದ ಕೈಗೆ ಬೀಳುವ ಮೊದಲೇ ‘ನಿಮ್ಮದು ಯಾವ ಊರು, ಯಾರ ಪೈಕಿ, ಇದಕ್ಕೂ ಮೊದಲು ಎಲ್ಲಿದ್ದಿರಿ’ ಎಂಬ ಮೂರು ಪ್ರಶ್ನೆ ಬಂದಿರುತ್ತವೆ. ಮೂರನೆಯ ಉತ್ತರಕ್ಕೆ ‘ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ನಮ್ಮ ಷಡ್ಡಕರ ತಮ್ಮ ಇದ್ದಾನೆ, ಗೊತ್ತಾ?’ ಎಂಬ ಮಾತು ಬಂದೇ ಬರುತ್ತದೆ. ಹೊರದೇಶದಲ್ಲಿ ನಮ್ಮವರು ಸಿಕ್ಕಾಗ ಇದೇ ಪ್ರಶ್ನೆಗಳಿಂದ ನನ್ನ ಕಣ್ಣಲ್ಲಿ ನೀರು ಬಂದದ್ದಿದೆ, ಆದ್ದರಿಂದ ಕೇಳುವವರನ್ನು ಹಳಿಯಲಾರೆ. ಗೆಳತಿಗೆ ಮಾತ್ರ ಅವು ಪೊಲೀಸ್ ವಿಚಾರಣೆಯಂತೆ ಕೇಳುತ್ತಿದ್ದವು. ಯುಗಾದಿ ಕಾರ್ಯಕ್ರಮದಲ್ಲಿ ಯಾರೋ ತೆಗೆದ ಗುಂಪು ಫೋಟೋ ಫೇಸ್‌ಬುಕ್ಕಿಗೆ ಏರುತ್ತದೆ, ಬ್ಯಾನರಿನ ಮೇಲೆ ಊರಿನ ಹೆಸರಿರುತ್ತದೆ. ಅಮ್ಮ ಹಾಸನದಲ್ಲಿ ಎದುರು ಮನೆಯವರಿಗೆ ಹೆಮ್ಮೆಯಿಂದ ಹೇಳುತ್ತಾರೆ, ಮಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಂಪನಿಯಲ್ಲಿ ಕೆಲಸವಾಯಿತು ಎಂದು. ಎದುರು ಮನೆಯವರ ಸೊಸೆಯ ತವರು ಅವನ ಊರು. ನ್ಯೂಜೆರ್ಸಿಯಿಂದ ನಮ್ಮ ಕಡೆಯ ಸ್ಯಾನ್ ಹೋಸೆಗೆ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಹಾಸನದ ಮೂಲಕ ಹೋದರೆ ಒಂದು ಫೋನ್ ಕರೆ.

ಹಾಗೆಯೇ ಆಯಿತು. ಇಮೇಲ್‌ಗಳು ನಿಂತ ಮೇಲೆ ಅವನ ಚಿಕ್ಕಪ್ಪ ಎನಿಸಿಕೊಂಡವರೊಬ್ಬರು ವಾಟ್ಸಾಪಿನಲ್ಲಿ ಬಂದರು. ಬಹಳ ಮರ್ಯಾದೆಯ ಭಾಷೆ. ‘ನೋಡಮ್ಮಾ, ಹುಡುಗ ಬದಲಾಗಿದ್ದಾನೆ, ಒಂದೇ ಒಂದು ಸಲ ಮಾತನಾಡಲಿ ಎನ್ನುತ್ತಿದ್ದಾನೆ, ಹಿರಿಯರು ನಾವಿದ್ದೇವೆ, ಕೂತು ಬಗೆಹರಿಸೋಣ.’ ಇದನ್ನು ಓದಿದ ನಮ್ಮ ಪರಿಚಯದವರೊಬ್ಬರು, ಪಾಪ, ಅವರು ಒಳ್ಳೆಯದಕ್ಕೇ ಹೇಳುತ್ತಿದ್ದಾರೆ ಎಂದರು. ಆದೇಶದ ಪುಟ ತೆರೆದು ನೋಡಿದರೆ ನೇರವಾಗಿಯಾಗಲಿ ಮೂರನೆಯವರ ಮೂಲಕವಾಗಲಿ ಸಂಪರ್ಕಿಸಕೂಡದು ಎಂದು ಸ್ಪಷ್ಟವಾಗಿದೆ. ಗಂಡ ಹೇಳಿ ಕಳುಹಿಸಿದ್ದರೆ ಚಿಕ್ಕಪ್ಪನ ಆ ಸಂದೇಶವೇ ಆದೇಶದ ಉಲ್ಲಂಘನೆ, ಮತ್ತು ಅದರ ಹೊಣೆ ಗಂಡನ ಮೇಲೆ ಬೀಳುತ್ತದೆ. ರಾಜಿ ಪಂಚಾಯಿತಿಗೆ ಹೊರಡುವ ಹಿರಿಯರಿಗೆ ಇದನ್ನು ಯಾರಾದರೂ ಕನ್ನಡದಲ್ಲಿ ಹೇಳಬೇಕು ಎಂಬ ಆಸೆಯೂ ಈ ಬರಹಕ್ಕೆ ಒಂದು ಕಾರಣ. ನೀವು ಯಾರ ಪರವಾಗಿ ಮಾತನಾಡಲು ಹೋಗಿದ್ದೀರೋ ಅವನನ್ನೇ ಜೈಲಿನ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದೀರಿ. ಗೆಳತಿ ಉತ್ತರಿಸಲಿಲ್ಲ. ಸಂದೇಶದ ಚಿತ್ರ ತೆಗೆದಿಟ್ಟುಕೊಂಡು ಠಾಣೆಗೆ ಕೊಟ್ಟಳು. ಈ ಸಲ ಕಿಟಕಿಯಲ್ಲಿದ್ದವರು ಹೆಸರು ಒತ್ತಿದ ತಕ್ಷಣ ಆದೇಶ ತೆರೆಯಿತು. ಇದು ಎಲ್ಲಿಯದು ಎಂಬ ಪ್ರಶ್ನೆಯೇ ಏಳಲಿಲ್ಲ.

ಆದೇಶ ಉಲ್ಲಂಘಿಸಬೇಕೆಂದೇ ರಾಜ್ಯದ ಗಡಿ ದಾಟಿ ಬಂದು ಉಲ್ಲಂಘಿಸಿದರೆ ಅದು ಕೇಂದ್ರದ ಅಪರಾಧವಾಗುತ್ತದೆ. ಐದು ವರ್ಷದವರೆಗೆ ಸೆರೆವಾಸ, ತೀವ್ರ ಗಾಯವಾಗಿದ್ದರೆ ಇನ್ನೂ ಹೆಚ್ಚು, ಸಾವಾದರೆ ಜೀವಾವಧಿಯವರೆಗೆ. ವಿಚಾರಣೆ ನಡೆದು ಬಂದ ಇಂಥ ಆದೇಶ ಹೊತ್ತವನು ಬಂದೂಕು ಇಟ್ಟುಕೊಳ್ಳುವುದನ್ನೂ ಕೇಂದ್ರದ ಕಾನೂನು ತಡೆಯುತ್ತದೆ. 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ನಿಷೇಧವನ್ನು ಎತ್ತಿಹಿಡಿಯಿತು, ಎಂಟು ನ್ಯಾಯಮೂರ್ತಿಗಳು ಪರ, ಒಬ್ಬರು ವಿರುದ್ಧ.

ನಮ್ಮವರ ನಡುವೆ ಓಡಾಡುವ ಇನ್ನೊಂದು ಮಾತು: ರಕ್ಷಣಾ ಆದೇಶ ತಂದರೆ ಅವನ ವೀಸಾ ಹೋಗುತ್ತದೆ, ಗ್ರೀನ್ ಕಾರ್ಡ್ ಕನಸು ಮುಗಿಯುತ್ತದೆ, ಹೆಂಡತಿಯಾದವಳು ಅಷ್ಟು ಕಟುಕಳಾಗಬಾರದು. ಆದೇಶ ಸಿವಿಲ್ ಸ್ವರೂಪದ್ದು. ಆದೇಶ ಬಂತು ಎಂಬುದೊಂದೇ ಕಾರಣಕ್ಕೆ ಗಡೀಪಾರು ಆಗುವುದಿಲ್ಲ. ಹಿಂಸೆಯ ಬೆದರಿಕೆ, ಪದೇ ಪದೇ ಕಿರುಕುಳ, ಹಲ್ಲೆ ಇವುಗಳಿಂದ ಕಾಪಾಡುವ ಭಾಗವನ್ನು ಅವನು ಮುರಿದಿದ್ದಾನೆ ಎಂದು ನ್ಯಾಯಾಲಯ ತೀರ್ಮಾನಿಸಿದರೆ ಆಗ ಗಡೀಪಾರಿಗೆ ಕಾರಣವಾಗುತ್ತದೆ. ಅಂದರೆ ಅವನ ವೀಸಾ ಅವನ ಕೈಯಲ್ಲೇ ಇದೆ, ಸುಮ್ಮನಿದ್ದರೆ ಸಾಕು. ಅವಳ ವೀಸಾದ ಬಗ್ಗೆ ಯಾರೂ ಇಷ್ಟು ಕಾಳಜಿಯಿಂದ ಕೇಳಿದ್ದನ್ನು ನಾನು ಕಂಡಿಲ್ಲ. ಎಚ್-4ರಲ್ಲಿ ಇರುವವಳ ಇರುವಿಕೆಯೇ ಗಂಡನ ವೀಸಾಕ್ಕೆ ಜೋತುಬಿದ್ದಿರುತ್ತದೆ, ವಿಚ್ಛೇದನದ ದಿನ ಅದು ಕಳಚುತ್ತದೆ. ದೌರ್ಜನ್ಯಕ್ಕೆ ಒಳಗಾದ ಎಚ್-4 ಪತ್ನಿಯರು ಕೆಲಸದ ಪರವಾನಗಿಗೆ ತಾವೇ ಅರ್ಜಿ ಹಾಕಲು ವಾವಾ ಕಾಯ್ದೆಯಲ್ಲಿ ದಾರಿಯಿದೆ, ಅದಕ್ಕೆಂದೇ ಐ-765ವಿ ಎಂಬ ನಮೂನೆಯಿದೆ. ರಕ್ಷಣಾ ಆದೇಶ ಕೇಳಲು ಮಾತ್ರ ಯಾವ ವೀಸಾವೂ ಅಡ್ಡಿಯಲ್ಲ, ವೀಸಾ ಇಲ್ಲದಿರುವುದೂ ಅಡ್ಡಿಯಲ್ಲ. ನ್ಯೂಜೆರ್ಸಿಯಲ್ಲಿ 1985ರಿಂದ ದಕ್ಷಿಣ ಏಷ್ಯಾದ ಮಹಿಳೆಯರಿಗಾಗಿ ಕೆಲಸ ಮಾಡುತ್ತಿರುವ ‘ಮಾನವಿ’, ಇಲ್ಲಿ 1991ರಲ್ಲಿ ಆರಂಭವಾದ ‘ಮೈತ್ರಿ’, ಇಂಥ ಸಂಸ್ಥೆಗಳು ಇದನ್ನೆಲ್ಲ ನನಗಿಂತ ಚೆನ್ನಾಗಿ ಬಿಡಿಸಿ ಹೇಳುತ್ತವೆ. ರಾಷ್ಟ್ರೀಯ ಸಹಾಯವಾಣಿ 1-800-799-7233, ಯಾವ ಹೊತ್ತಿನಲ್ಲಾದರೂ.

ಇಷ್ಟೆಲ್ಲ ಬರೆದ ಮೇಲೆ ಕೊಲೊರಾಡೊದ ಕ್ಯಾಸಲ್ ರಾಕ್ ಪಟ್ಟಣದ ಪ್ರಕರಣವನ್ನು ಹೇಳದೆ ಬಿಟ್ಟರೆ ಓದುಗರಿಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 1999ರ ಜೂನ್‌ನಲ್ಲಿ, ರಕ್ಷಣಾ ಆದೇಶ ಇದ್ದರೂ ಗಂಡ ಮೂವರು ಹೆಣ್ಣುಮಕ್ಕಳನ್ನು ಕರೆದೊಯ್ದ. ತಾಯಿ ಆ ಸಂಜೆಯಿಂದ ನಡುರಾತ್ರಿಯವರೆಗೆ ಪೊಲೀಸರನ್ನು ಮತ್ತೆ ಮತ್ತೆ ಕೇಳಿಕೊಂಡರೂ ಅವರು ಹುಡುಕಲು ಹೊರಡಲಿಲ್ಲ. ಮಕ್ಕಳು ಹೆಣವಾಗಿ ಸಿಕ್ಕರು. 2005ರಲ್ಲಿ ಸುಪ್ರೀಂ ಕೋರ್ಟು, ಆದೇಶವನ್ನು ಪೊಲೀಸರು ಜಾರಿ ಮಾಡಲೇಬೇಕೆಂದು ಕೇಳುವ ಸಾಂವಿಧಾನಿಕ ಹಕ್ಕು ಆಕೆಗಿಲ್ಲ ಎಂದು 7-2ರ ಬಹುಮತದಲ್ಲಿ ತೀರ್ಪು ಕೊಟ್ಟಿತು. ಆಕೆ ಅಂತರ-ಅಮೆರಿಕ ಮಾನವ ಹಕ್ಕುಗಳ ಆಯೋಗಕ್ಕೆ ಹೋದರು. 2011ರಲ್ಲಿ ಆ ಆಯೋಗ ಅಮೆರಿಕವನ್ನೇ ತಪ್ಪಿತಸ್ಥನೆಂದಿತು. ಸುಪ್ರೀಂ ಕೋರ್ಟಿನ ತೀರ್ಪು ಮಾತ್ರ ಇಂದಿಗೂ ಹಾಗೆಯೇ ಇದೆ. ಈ ತೀರ್ಪನ್ನು ಗೆಳತಿಗೆ ಹೇಳಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿದ್ದೆ. ಅವಳು ನನಗಿಂತ ಮೊದಲೇ ಓದಿಕೊಂಡಿದ್ದಳು. ಅದಕ್ಕೇ ಬಾಗಿಲಿಗೆ ಎರಡನೆಯ ಚಿಲಕ ಹಾಕಿಸಿದ್ದಳು, ಆಫೀಸಿನ ಭದ್ರತಾ ಸಿಬ್ಬಂದಿಗೆ ಅವನ ಫೋಟೋ ಕೊಟ್ಟಿದ್ದಳು, ಆದೇಶದ ಪ್ರತಿಯನ್ನು ಕಾರಿನಲ್ಲೊಂದು, ಚೀಲದಲ್ಲೊಂದು, ಮೊಬೈಲಿನಲ್ಲೊಂದು ಇಟ್ಟುಕೊಂಡಿದ್ದಳು.

ದೃಢೀಕೃತ ಪ್ರತಿಗಳ ಬಗ್ಗೆ ಒಂದು ಮಾತು. ಆದೇಶ ಕೊಟ್ಟ ನ್ಯಾಯಾಲಯದಿಂದ ಹೊರಡುವ ಮೊದಲೇ ಬೇಕಾದಷ್ಟು ಪ್ರತಿ ತೆಗೆದುಕೊಳ್ಳಿ. ಆಮೇಲೆ ಅಂಚೆಯಲ್ಲಿ ತರಿಸಿಕೊಳ್ಳಲು ಹೋದರೆ ಎಲ್ಲಿಗೆ ಕಳುಹಿಸಬೇಕು ಎಂಬ ಸಾಲು ತುಂಬಬೇಕಾಗುತ್ತದೆ, ಆ ಸಾಲು ಹಳೆಯ ಊರಿನ ಕಡತದಲ್ಲಿ ಕೂರಬಹುದು. ಆದೇಶಕ್ಕೆ ಅವಧಿ ಇದ್ದರೆ ಅದನ್ನು ಮುಂದುವರಿಸಿಕೊಳ್ಳಲೂ ಸಾಮಾನ್ಯವಾಗಿ ಹಳೆಯ ರಾಜ್ಯಕ್ಕೇ ಅರ್ಜಿ ಹೋಗಬೇಕು. ಹೊಸ ರಾಜ್ಯದಲ್ಲಿ ನೋಂದಾಯಿಸಿದ ಮಾತ್ರಕ್ಕೆ ಅವಧಿ ಉದ್ದವಾಗುವುದಿಲ್ಲ, ಷರತ್ತು ಬದಲಾಗುವುದಿಲ್ಲ.

ಈಗ ಅವಳ ತಮ್ಮನ ಮದುವೆ ಗೊತ್ತಾಗಿದೆ. ಹಾಸನಕ್ಕೆ ಹೋಗಬೇಕು. ನ್ಯೂಜೆರ್ಸಿಯ ಆದೇಶ ಅಮೆರಿಕದ ಯಾವ ಮೂಲೆಯಲ್ಲಾದರೂ ನಡೆಯುತ್ತದೆ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಅಲ್ಲಿ ಬೇಕಿದ್ದರೆ ಹೊಸದಾಗಿಯೇ ಕೇಳಬೇಕು. ನಮ್ಮ ಕಾಯ್ದೆಯಲ್ಲಿ ಒಂದು ಅನುಕೂಲ ಇದೆ: ದೌರ್ಜನ್ಯಕ್ಕೆ ಒಳಗಾದವಳು ತಾತ್ಕಾಲಿಕವಾಗಿ ಉಳಿದುಕೊಂಡಿರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಗಳೆಂದರೆ ಹೆಚ್ಚಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ. ತಾಲೂಕಿನಲ್ಲಿ ಸಿಡಿಪಿಒ ಆಫೀಸು ಎಂದರೆ ಯಾರಾದರೂ ತೋರಿಸುತ್ತಾರೆ. ಆದೇಶ ಮುರಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಪ್ಪ ಅಲ್ಲಿ ಒಬ್ಬ ವಕೀಲರನ್ನು ಕಂಡು ಬಂದಿದ್ದಾರೆ. ಬಂದ ವಾರದಲ್ಲೇ ಅರ್ಜಿ ಹಾಕೋಣ ಎಂದಿದ್ದಾರಂತೆ ಅವರು. ಅರ್ಜಿ ಹಾಕಿದರೆ ನೋಟಿಸ್ ಹೋಗುತ್ತದೆ, ನೋಟಿಸ್ ಹೋದರೆ ಅವಳು ಊರಿಗೆ ಬಂದಿರುವುದು ಅವನಿಗೆ ಗೊತ್ತಾಗುತ್ತದೆ. ಹಾಕದಿದ್ದರೂ ಗೊತ್ತಾಗುವುದು ತಪ್ಪುವುದಿಲ್ಲ. ಲಗ್ನಪತ್ರಿಕೆ ಈಗಾಗಲೇ ಎರಡೂ ಕಡೆಯ ನೆಂಟರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ, ಕಲ್ಯಾಣ ಮಂಟಪದ ಹೆಸರು, ವಿಳಾಸ, ಮುಹೂರ್ತದ ವೇಳೆ ಸಮೇತ. ಅವಳಿನ್ನೂ ಟಿಕೆಟ್ ಕಾಯ್ದಿರಿಸಿಲ್ಲ.